ತಂತಿ ಮಾಸ್ಟ್ರು ಹಿಂದಕ್ಕೆ ತಿರುಗಿಸದ ಒಂದು ಗಂಟೆ

ಅವರು ತೀರಿಕೊಂಡ ದಿನ ನಮ್ಮ ಮನೆಯ ಗೋಡೆ ಗಡಿಯಾರ ಸರಿಯಾಗಿಯೇ ನಡೆಯುತ್ತಿತ್ತು. ಇಂಥವರ ವಿಷಯ ಹೇಳುವಾಗ ಗಡಿಯಾರ ತಾನಾಗಿ ನಿಂತುಹೋಯಿತು ಎಂದು ಹೇಳುವುದುಂಟು. ಹಾಗೇನೂ ಆಗಲಿಲ್ಲ. ಎರಡು ದಿನದ ಹಿಂದೆ ಅವರೇ ಬಂದು ಕೀಲಿ ಕೊಟ್ಟು ಹೋಗಿದ್ದರು. ಅದು ಅವರು ಹೋದ ಮೇಲೂ ಐದು ದಿನ ನಡೆಯಿತು. ಆರನೆಯ ದಿನ ಸ್ಟೂಲು ಹಾಕಿಕೊಂಡು ನಾನೇ ಕೀಲಿ ಕೊಟ್ಟೆ. ಅಳು ಬಂದದ್ದು ಆಗ.

ಅವರ ಹೆಸರು ಬರೆಯುವುದಿಲ್ಲ. ಚಿಕ್ಕಜಾಜೂರಿನಲ್ಲಿ ಅವರ ಹೆಸರು ಗೊತ್ತಿದ್ದವರೂ ಕಡಿಮೆಯೇ. ಸ್ಟೇಷನ್ನಿನಲ್ಲಿ ತಂತಿ ಕಳಿಸುವ, ತಂತಿ ಬರೆದುಕೊಳ್ಳುವ ಕೆಲಸ ಅವರದು, ಹಾಗಾಗಿ ಊರಿಗೆಲ್ಲ ತಂತಿ ಮಾಸ್ಟ್ರು. ನಾನು ಮದುವೆಯಾಗಿ ಬಂದಾಗ ನಮ್ಮ ಯಜಮಾನರು ಅಲ್ಲಿಯೇ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತರು. ರೈಲ್ವೆ ಕ್ವಾರ್ಟರ್ಸಿನಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ, ಹಿತ್ತಿಲಲ್ಲಿ ಇಬ್ಬರಿಗೂ ಸೇರಿ ಒಂದು ನುಗ್ಗೆ ಮರ. ಅವರ ಹೆಂಡತಿ ಬಹಳ ಹಿಂದೆಯೇ ತೀರಿಕೊಂಡಿದ್ದರು. ಮನೆಯಲ್ಲಿ ಅವರು, ಮಗಳು ಸರೋಜ, ಇಬ್ಬರೇ.

ಎತ್ತರದ ಒಣಕಲು ಆಳು. ಬಲಗೈಯ ತೋರುಬೆರಳು ಒಂದು ಕ್ಷಣ ಸುಮ್ಮನಿರುತ್ತಿರಲಿಲ್ಲ. ಊಟದ ತಟ್ಟೆಯ ಅಂಚಿನ ಮೇಲೆ, ಕಾಂಪೌಂಡಿನ ಕಲ್ಲಿನ ಮೇಲೆ, ಕಾಫಿ ಲೋಟದ ಮೇಲೆ ಕಟ್ಟುಕಡ ಕಟ್ಟುಕಡ ಎಂದು ಬಡಿಯುತ್ತಲೇ ಇರುತ್ತಿತ್ತು. ಏನು ಬಡಿಯುತ್ತೀರಿ ಎಂದು ಒಮ್ಮೆ ಕೇಳಿದೆ. "ನೀವು ಹಾಕಿದ ಸಾರು ಚೆನ್ನಾಗೈತೆ ಅಂತ ಹೊಳಲ್ಕೆರೆ ಸ್ಟೇಷನ್ನಿಗೆ ಹೇಳ್ದೆ ತಾಯಿ," ಎಂದರು. ಅವರು ನಗುವುದು ಕಡಿಮೆ. ಎದುರಿಗಿದ್ದವರನ್ನು ನಗಿಸಿ ತಾವು ಸುಮ್ಮನೆ ಕೂರುವ ಜಾತಿ.

ದಿನಾ ಸಾಯಂಕಾಲ ನಾಲ್ಕಕ್ಕೆ ದೂರದ ಊರಿಂದ ತಂತಿಯ ಮೇಲೆ ಹೊತ್ತಿನ ಸೂಚನೆ ಬರುತ್ತಿತ್ತು. ಅದು ಬರುವಾಗ ಬೇರೆ ಯಾವ ಸುದ್ದಿಯೂ ತಂತಿಯ ಮೇಲೆ ಓಡಾಡಬಾರದು. ಮಾಸ್ಟ್ರು ಅಷ್ಟರೊಳಗೆ ಮುಖ ತೊಳೆದು, ಕೋಟಿನ ಗುಂಡಿ ಹಾಕಿ, ಸ್ಟೇಷನ್ನಿನ ದೊಡ್ಡ ಗಡಿಯಾರದ ಮುಂದೆ ನಿಂತಿರುತ್ತಿದ್ದರು. ನನ್ನ ಯಜಮಾನರು ಹೇಳುತ್ತಿದ್ದರು, ದೇವರ ಗುಡಿಯಲ್ಲಿ ಮಂಗಳಾರತಿಗೆ ಕಾಯುವವರ ಹಾಗೆ ನಿಲ್ಲುತ್ತಾರೆ ಎಂದು. ಸೂಚನೆ ಬಂದ ಮೇಲೆ ಆ ಗಡಿಯಾರ ಸರಿ ಮಾಡಿ, ತಮ್ಮ ಜೇಬಿನ ಗಡಿಯಾರ ಸರಿ ಮಾಡಿ, ಡ್ಯೂಟಿ ಮುಗಿದೊಡನೆ ಪೇಟೆಯ ಗಡಿಯಾರಗಳನ್ನು ಸರಿ ಮಾಡಲು ಹೊರಡುತ್ತಿದ್ದರು. ಶಾಲೆಯದು, ಮಸೀದಿಯದು, ಕಾಫಿ ಹೋಟೆಲಿನದು, ಮನೆಮನೆಯವು. ಯಾರೂ ಕರೆದದ್ದಲ್ಲ, ಯಾರೂ ಕೊಟ್ಟದ್ದೇನೂ ಇಲ್ಲ. ಮಸೀದಿಯ ಹತ್ತಿರ ದರ್ಜಿ ಬುಡನ್ ಸಾಬರ ಅಂಗಡಿ. ಅವರಿಗೆ ಮಾಸ್ಟ್ರನ್ನು ಕೆಣಕದಿದ್ದರೆ ಸಮಾಧಾನವಿಲ್ಲ.

"ಎರಡು ನಿಮಿಷ ಮುಂದೈತೆ, ಇರ್ಲಿ ಬಿಡ್ರಿ ಮಾಸ್ಟ್ರೇ. ನಮಾಜಿಗೆ ಬೇಗ ಬಂದ್ರೆ ಅಲ್ಲಾ ಬ್ಯಾಡ ಅಂತಾನಾ?"

"ಬೇಗ ಬಂದೋನು ಬೇಗ ಎದ್ದೋಗ್ತಾನೆ ಸಾಬ್ರೇ. ಆ ಎರಡು ನಿಮಿಷ ಯಾರಿಗೆ ಮೋಸ?"

ನಾನು ಬಂದ ಹೊಸತರಲ್ಲಿ ನಮ್ಮ ಮನೆಗೂ ಬಂದರು. ಗೋಡೆಯ ಮೇಲಿನ ಗಡಿಯಾರ ನನ್ನ ತಂದೆ ಮದುವೆಗೆ ಕೊಟ್ಟದ್ದು. ಅದನ್ನು ನೋಡಿ, ತಮ್ಮ ಜೇಬಿನದನ್ನು ನೋಡಿ, "ಏನಮ್ಮ, ನಿಮ್ಮ ತವರಿನೋರೆಲ್ಲ ಏಳು ನಿಮಿಷ ಮುಂಚೆನೇ ಹುಟ್ಟಿದೋರಾ?" ಎಂದರು. ನನಗೆ ಸಿಟ್ಟು ಬಂತು. ಗೋಡೆಯ ಆಚೆಯಿಂದ ಸರೋಜಕ್ಕ ಕೂಗಿದಳು: "ಲೇ ತಂಗಿ, ಅಪ್ಪನ ಮಾತಿಗೆ ಬ್ಯಾಸರ ಮಾಡ್ಕಬ್ಯಾಡ. ಅವರು ದೇವರಿಗೂ ತಡ ಆಯ್ತು ಅಂತ ಬೈತಾರೆ."

ಸರೋಜಕ್ಕ ನನಗಿಂತ ಏಳೆಂಟು ವರ್ಷ ದೊಡ್ಡವಳು. ಆಗ ಅವಳಿಗೆ ಮೂವತ್ತರ ಹತ್ತಿರ. ಮದುವೆಯಾಗಿರಲಿಲ್ಲ. ಹೊಸ ಊರಿನಲ್ಲಿ ನನಗೆ ರೊಟ್ಟಿ ತಟ್ಟುವುದರಿಂದ ಹಿಡಿದು ಸೌದೆ ಒಲೆ ಊದುವವರೆಗೆ ಎಲ್ಲ ಕಲಿಸಿದವಳು ಅವಳು. ಆದರೆ ನಮ್ಮ ಮನೆಯಲ್ಲಿ ಸೀಮಂತವೋ ಆರತಿಯೋ ನಡೆದರೆ ಹಿತ್ತಿಲಿಗೆ ಹೋಗಿ ಪಾತ್ರೆ ಉಜ್ಜುತ್ತಾ ಕೂರುತ್ತಿದ್ದಳು. ಕರೆದರೆ, "ನಾನು ಮಂಗಳವಾರದೋಳು ಕಣೆ, ಅಲ್ಲೆಲ್ಲ ಬರಬಾರದು," ಎನ್ನುತ್ತಿದ್ದಳು. ಯಾರೋ ಕಲಿಸಿದ ಪಾಠ ಒಪ್ಪಿಸುವ ಹಾಗೆ.

ಅವಳ ಜಾತಕದಲ್ಲಿ ಎಂಟನೆಯ ಮನೆಯಲ್ಲಿ ಕುಜ. ಅಂಥವಳನ್ನು ಕಟ್ಟಿಕೊಂಡರೆ ಗಂಡ ಉಳಿಯುವುದಿಲ್ಲ ಎಂಬ ಮಾತು. ಹುಟ್ಟಿದ್ದೂ ಮಂಗಳವಾರ. ಸಾಲದ್ದಕ್ಕೆ ಅವಳಿಗೆ ಹನ್ನೆರಡಾದಾಗ ತಾಯಿ ಹೋದರು. ಜನಕ್ಕೆ ಇನ್ನೇನು ಬೇಕು. ನೋಡಿ ಹೋದ ಗಂಡುಗಳೆಲ್ಲ ಜಾತಕ ಕೈಗೆ ಬಂದೊಡನೆ ಸುದ್ದಿಯಿಲ್ಲದಾದರು. ನಾನು ಜಾತಕ ನಂಬುವವಳು, ಈಗಲೂ. ಆದರೆ ಸರೋಜಕ್ಕನ ಮುಖ ನೋಡಿದಾಗ ಗ್ರಹಗಳಿಗೂ ಕಣ್ಣು ಇರಬಾರದೇ ಎಂದು ಅನ್ನಿಸುತ್ತಿತ್ತು. ಹಾಗೆಂದುಕೊಂಡದ್ದಕ್ಕೆ ಕೆನ್ನೆ ಬಡಿದುಕೊಂಡು ದೇವರಿಗೆ ತಪ್ಪಾಯಿತು ಎನ್ನುತ್ತಿದ್ದೆ.

ಕೊನೆಗೆ ಹೊಸದುರ್ಗದಿಂದ ಒಂದು ಸಂಬಂಧ ಬಂತು. ಪ್ರೈಮರಿ ಶಾಲೆಯ ಮೇಷ್ಟ್ರು. ಮೊದಲ ಹೆಂಡತಿ ಮದುವೆಯಾದ ಎರಡನೆಯ ವರ್ಷವೇ ತೀರಿಕೊಂಡಿದ್ದರು. ಆತನ ಜಾತಕದಲ್ಲೂ ಕುಜನ ಕಾಟ, ಹೆಂಡತಿಯನ್ನು ಅದೇ ತಿಂದಿತು ಎಂದು ಊರೇ ಹೇಳುತ್ತಿತ್ತು, ಆತನೂ ನಂಬಿದ್ದರು. ಹೆಣ್ಣು ನೋಡಲು ಬಂದ ದಿನ ಉಪ್ಪಿಟ್ಟು ಕೊಟ್ಟವಳು ನಾನೇ. ಆತ ತಟ್ಟೆ ಮುಟ್ಟಲಿಲ್ಲ. ಮಾಸ್ಟ್ರಿಗೆ ಹೇಳಿದರು:

"ಸರ್, ಬ್ಯಾರೆ ಏನೂ ಕೇಳಲ್ಲ. ಇವರ ಜಾತಕದಾಗೆ ಕುಜ ಇರೋದು ಖರೇನಾ? ಇದ್ರೆ ಮಾತ್ರ ನಾನು ಮದುವೆ ಆಗ್ತೀನಿ. ಎರಡೂ ಕಡೆ ಇದ್ರೆ ಒಂದಕ್ಕೊಂದು ಸಮ ಆಗಿ ಯಾರಿಗೂ ಏನೂ ಆಗಲ್ಲಂತೆ. ಇನ್ನೊಂದು ಹೆಣ್ಣಿನ ಜೀವ ನನ್ನ ಕೈಲಿ ಹೋಗೋದು ಬ್ಯಾಡ."

"ಹುಟ್ಟಿದ ನಿಮಿಷ ನಾನೇ ಸ್ಟೇಷನ್ ಗಡಿಯಾರದಲ್ಲಿ ನೋಡಿ ಬರೆದಿಟ್ಟೀನಪ್ಪ," ಎಂದರು ಮಾಸ್ಟ್ರು. "ಈ ಸೀಮೆಯಾಗೆ ಇಷ್ಟು ಕರಾರುವಾಕ್ಕು ಜಾತಕ ಇನ್ನೊಂದಿಲ್ಲ."

ಆಮೇಲೆ ಆತ ಉಪ್ಪಿಟ್ಟು ತಿಂದರು. ಹೊಳಲ್ಕೆರೆಯ ಬಯಲು ಗಣಪತಿಯ ಎದುರಿಗೆ ಮದುವೆ ಚಿಕ್ಕದಾಗಿ ಆಯಿತು. ನಾನು ಬಸುರಿ, ಆದರೂ ಹಠ ಮಾಡಿ ಹೋಗಿದ್ದೆ. ಬಯಲಿನಲ್ಲಿ ಕೂತ ಆ ದೊಡ್ಡ ಗಣಪ್ಪನಿಗೆ ಕೈಮುಗಿದು, ಇಷ್ಟು ಕೊಟ್ಟೆಯಲ್ಲ ತಂದೆ, ಸಾಕು ಎಂದೆ.

ಮಗಳು ಹೋದ ಮೇಲೆ ಮಾಸ್ಟ್ರು ಅನ್ನ ತಾವೇ ಮಾಡಿಕೊಳ್ಳುತ್ತಿದ್ದರು, ಸಾರು ಪಲ್ಯ ನಮ್ಮ ಮನೆಯಿಂದ. ಸಂಜೆ ನಮ್ಮ ಹಿತ್ತಿಲ ಕಟ್ಟೆಯ ಮೇಲೆ ಕೂತು ಕಾಫಿ ಕುಡಿಯುವಾಗ ಎರಡನೆಯ ಮಹಾಯುದ್ಧದ ಕಾಲದ ಒಂದು ಕಥೆ ಹೇಳುತ್ತಿದ್ದರು. ಅವರಿಗೆ ಅದು ಬಹಳ ಪ್ರಿಯವಾದ ಕಥೆ, ನಾನು ಹತ್ತು ಸಲವಾದರೂ ಕೇಳಿದ್ದೇನೆ. ಯುದ್ಧ ಜೋರಾಗಿದ್ದಾಗ ಇಡೀ ದೇಶದ ಗಡಿಯಾರಗಳನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಬೇಕೆಂದು ಸರ್ಕಾರದ ಹುಕುಮಾಯಿತಂತೆ. ಬೆಳಕಿರುವಾಗಲೇ ಕೆಲಸ ಮುಗಿಯಲಿ, ದೀಪದ ಖರ್ಚು ಉಳಿಯಲಿ ಎಂದು. ಹುಕುಮು ತಂತಿಯ ಮೇಲೆ ಬಂದದ್ದು ಮಾಸ್ಟ್ರ ಕೈಗೇ. ಆಗ ಇಪ್ಪತ್ತೈದರ ಹುಡುಗ. ಊರಿನ ಹದಿನಾಲ್ಕು ಗಡಿಯಾರಗಳನ್ನೂ ಮನೆಮನೆಗೆ ಹೋಗಿ ತಾವೇ ತಿರುಗಿಸಿದರು.

"ಜನ ಒಪ್ತಾರಾ? 'ಸರ್ಕಾರ ಮುಳ್ಳು ತಿರುವಿದ್ರೆ ನಮ್ಮ ಎಮ್ಮೆ ಹಾಲು ಇಳಿಸ್ತಾವೇನ್ರಿ' ಅಂದ್ರು. ಹಳೇ ಟೈಮಾ ಹೊಸಾ ಟೈಮಾ ಅಂತ ಕೇಳ್ಕಂಡೇ ಗಾಡಿಗೆ ಬರೋರು. ಅರ್ಧ ಜನಕ್ಕೆ ಗಾಡಿ ತಪ್ತಿತ್ತು. ಬೆಳಿಗ್ಗೆ ಏಳಾದ್ರೂ ಕತ್ಲು. ಮೂರು ವರ್ಷ ಹಂಗೇ ಬಾಳಿದ್ವಿ. ಯುದ್ಧ ಮುಗೀತು, ಹಿಂದಕ್ಕೆ ತಿರುಗಿಸ್ರಿ ಅಂತ ಇನ್ನೊಂದು ತಂತಿ ಬಂತು. ಮತ್ತೆ ಹೋದೆ. ಹದಿನಾಲ್ಕರಾಗೆ ಒಂದೂ ಬಿಡಲಿಲ್ಲ ತಾಯಿ."

ಒಂದೂ ಬಿಡಲಿಲ್ಲ ಎನ್ನುವಾಗ ಮಾತ್ರ ಅವರ ಮುಖದಲ್ಲಿ ನಗು ಕಾಣುತ್ತಿತ್ತು.

ಸರೋಜಕ್ಕನ ಮದುವೆಯಾಗಿ ವರ್ಷ ತುಂಬಿರಲಿಲ್ಲ. ಒಂದು ಸಂಜೆ ಕುರುಬರ ಹಟ್ಟಿಯ ಕರಿಯಮ್ಮ ಬೆಣ್ಣೆ ತಂದಿದ್ದಳು. ಮಾಸ್ಟ್ರು ಕಟ್ಟೆಯ ಮೇಲೆ ಕಾಫಿ ಕುಡಿಯುತ್ತಿದ್ದರು. ಕರಿಯಮ್ಮ ಸರೋಜಕ್ಕನ ಯೋಗಕ್ಷೇಮ ಕೇಳಿ, ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾ ಕೂತಳು.

"ನಮ್ಮ ಲಿಂಗ, ನಿಮ್ಮ ಸರೋಜವ್ವ ಒಂದೇ ದಿನದೋರಲ್ವೇನ್ರಿ. ಒಬ್ಬಳೇ ಸೂಲಗಿತ್ತಿ. ನಂಗೆ ನೋವು ಬಂದು ಸಾಯಂಗಾಗೈತೆ, ಆವಮ್ಮ ನಿಮ್ಮ ಮನ್ಯಾಗೆ. ಕೊನಿಗೆ ಲಾಟೀನು ಹಿಡ್ಕಂಡು ಓಡಿ ಬಂದ್ಲು. 'ಮಾಸ್ಟ್ರ ಮನೇಲಿ ಹೆಣ್ಣಾತು ಕಣೆ, ಇನ್ನು ನಿಂದು' ಅಂದ್ಲು. ಆಮ್ಯಾಲೆ ಹೊತ್ತು ಹುಟ್ತು. ಕುರಿ ಬಿಟ್ಟ ಮ್ಯಾಲೆ ನಮ್ಮ ಲಿಂಗ."

"ಹೊತ್ತು ಹುಟ್ಟಿತ್ತು ಕರಿಯಮ್ಮ," ಎಂದರು ಮಾಸ್ಟ್ರು. "ನಾನು ಬರೆದಿಟ್ಟೀನಿ. ಏಳು ಗಂಟೆ ಇಪ್ಪತ್ತು ನಿಮಿಷ. ಏಳು ಇಪ್ಪತ್ತಕ್ಕೆ ಲಾಟೀನು ಯಾಕೆ ಬೇಕು?"

"ನಿಮ್ಮ ಗಡಿಯಾರ ನಂಗೇನು ಗೊತ್ತು ಸ್ವಾಮಿ. ನಮ್ಮ ಕುರಿ ಸುಳ್ಳು ಹೇಳ್ತಾವಾ? ಹೊತ್ತು ಹುಟ್ಟದೆ ಅವು ರೊಪ್ಪ ಬಿಟ್ಟು ಹೊರಗೆ ಬರಲ್ಲ. ಲಾಟೀನು ಕಂಡಾಗ ಒಂದೂ ಎದ್ದಿರ್ಲಿಲ್ಲ."

ಅವಳು ನಕ್ಕಳು, ನಾನೂ ನಕ್ಕೆ. ಮಾಸ್ಟ್ರ ಬೆರಳು ಲೋಟದ ಮೇಲೆ ಬಡಿಯುತ್ತಿದ್ದದ್ದು ನಿಂತಿತು. ಅದು ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಅರ್ಧ ಕಾಫಿ ಕೆಳಗಿಟ್ಟು ಎದ್ದು ಹೋದರು.

ಮಾರನೆಯ ಬೆಳಿಗ್ಗೆ ನಾನು ತುಳಸಿಗೆ ನೀರು ಹಾಕುತ್ತಿದ್ದಾಗ ಬಂದು ನಿಂತರು. ಶರಟಿನ ಗುಂಡಿ ತಪ್ಪಾಗಿ ಹಾಕಿಕೊಂಡಿದ್ದರು.

"ಗಡಿಯಾರ ಎಲ್ಲ ಹಿಂದಕ್ಕೆ ತಿರುಗಿಸ್ದೆ ತಾಯಿ. ಬರೆದಿಟ್ಟಿದ್ದನ್ನ ತಿರುಗಿಸಲಿಲ್ಲ."

ನನಗೆ ಅರ್ಥವಾಗಲಿಲ್ಲ. ಕೂರಿಸಿ ನೀರು ಕೊಟ್ಟ ಮೇಲೆ ಹೇಳಿದರು. ಸರೋಜ ಹುಟ್ಟಿದ್ದು ಯುದ್ಧದ ಆ ಮೂರು ವರ್ಷದಲ್ಲಿ. ಹುಟ್ಟಿದ ಕೂಡಲೇ ಇವರು ಸ್ಟೇಷನ್ನಿಗೆ ಓಡಿ ನೋಡಿದ್ದು ಮುಂದಕ್ಕೆ ತಿರುಗಿಸಿಟ್ಟ ಗಡಿಯಾರ. ಅದರಲ್ಲಿ ಏಳು ಇಪ್ಪತ್ತು. ಸೂರ್ಯನ ಲೆಕ್ಕದಲ್ಲಿ ಆರು ಇಪ್ಪತ್ತು. ಚಳಿಗಾಲ, ಹೊತ್ತು ಹುಟ್ಟಲು ಇನ್ನೂ ಸ್ವಲ್ಪ ಹೊತ್ತಿತ್ತು. ಜಾತಕ ಬರೆಸಿದ್ದು ಯುದ್ಧ ಮುಗಿದ ಮೇಲೆ, ಕೂಸಿಗೆ ಮೂರು ತುಂಬಿದಾಗ. ಅಷ್ಟರಲ್ಲಿ ಎಲ್ಲ ಗಡಿಯಾರಗಳೂ ಹಿಂದಿನಂತಾಗಿದ್ದವು. ಚೀಟಿಯಲ್ಲಿ ಏಳು ಇಪ್ಪತ್ತು ಎಂದೇ ಇತ್ತು. ಅದನ್ನೇ ಜೋಯಿಸರ ಕೈಗೆ ಕೊಟ್ಟರು.

ಅವತ್ತೇ ಹೊಳಲ್ಕೆರೆಗೆ ಹೋಗಿ ಆ ಜೋಯಿಸರನ್ನು ಕಂಡು ಬಂದರು. ಜೋಯಿಸರಿಗೆ ಎಂಬತ್ತು ದಾಟಿತ್ತು, ಬುದ್ಧಿ ಚುರುಕಾಗಿತ್ತು. ಮತ್ತೆ ಲೆಕ್ಕ ಹಾಕಿದರು. ಒಂದು ಗಂಟೆ ಕಳೆದರೆ ಲಗ್ನವೇ ಬದಲಾಗುತ್ತದೆ, ಎಂಟನೆಯ ಮನೆಯಲ್ಲಿದ್ದ ಕುಜ ಒಂಬತ್ತನೆಯ ಮನೆಗೆ ಹೋಗುತ್ತಾನೆ, ಅಲ್ಲಿ ಅವನಿಂದ ಕೇಡಿಲ್ಲ. ಇನ್ನು ನಮ್ಮ ಲೆಕ್ಕದಲ್ಲಿ ದಿನ ಶುರುವಾಗುವುದು ಸೂರ್ಯ ಹುಟ್ಟಿದ ಮೇಲೆ. ಹಾಗಾಗಿ ಸರೋಜ ಮಂಗಳವಾರದವಳೂ ಅಲ್ಲ, ಸೋಮವಾರದವಳು.

"ನೀವು ಒಂದು ಮಾತು ಕೇಳಬಾರದಿತ್ತಾ ಅಂದೆ ಜೋಯಿಸರನ್ನ," ಎಂದರು ಮಾಸ್ಟ್ರು. "ಅವರು ಏನಂದ್ರು ಗೊತ್ತಾ? 'ಎಲ್ರೂ ಬಂದು ಕೋಳಿ ಕೂಗಿತ್ತು, ದನ ಬಿಟ್ಟಿದ್ರು, ಹೊತ್ತು ಮಾರುದ್ದ ಏರಿತ್ತು ಅಂತಾರೆ. ಅವರಿಗೆ ನಾನು ಹತ್ತು ಪ್ರಶ್ನೆ ಕೇಳಿ ಗಟ್ಟಿ ಮಾಡ್ಕಂತೀನಿ. ಗಂಟೆ ನಿಮಿಷ ಬರ್ಕಂಡು ಬಂದೋರು ನೀವು ಒಬ್ರೇ. ನಿಮ್ಮನ್ನ ಏನಂತ ಕೇಳ್ಲಿ' ಅಂದ್ರು."

ನಾನು ಎಂಥ ದಡ್ಡಿ. ಸಂತೋಷದಿಂದ, "ಒಳ್ಳೇದೇ ಆಯ್ತಲ್ಲ ಮಾಸ್ಟ್ರೇ, ಸರೋಜಕ್ಕಂಗೆ ದೋಷನೇ ಇಲ್ಲ!" ಎಂದೆ.

ಅವರು ನನ್ನ ಮುಖ ನೋಡಿದರು. "ಅಳಿಯಂಗೆ ಐತಲ್ಲಮ್ಮ," ಎಂದರು. "ಅವನಿಗೆ ಐತೆ, ಇವಳಿಗಿಲ್ಲ. ಸಮ ಎಲ್ಲಿ ಆಯ್ತು? ಅವನ ಮೊದಲನೇ ಹೆಂಡ್ತಿಗೂ ಇರಲಿಲ್ಲ."

ನಾನು ಹೋಗಿ ಬೀದಿ ಬಾಗಿಲು ಹಾಕಿ ಬಂದೆ.

ಆಮೇಲೆ ಅವರು ಕೇಳಿದ್ದು ಒಂದೇ ಮಾತು. "ಅವಳಿಗೆ ಹೇಳ್ಲಾ, ಬ್ಯಾಡ್ವಾ?" ತಾಯಿಯಿಲ್ಲದ ಮನೆ, ಅವರಿಗೆ ಕೇಳಲು ಬೇರೆ ಹೆಂಗಸು ಯಾರಿದ್ದರು. ನಾನು ದೇವರ ಮನೆಗೆ ಹೋಗಿ ಕಣ್ಣು ಮುಚ್ಚಿ ನಿಂತೆ. ದೇವರು ಏನೂ ಹೇಳಲಿಲ್ಲ. ಹೇಳಿದ ಎಂದು ಈಗ ಬರೆದರೆ ಸುಳ್ಳಾಗುತ್ತದೆ. ನನ್ನ ಹೆದರಿಕೆಯೇ ಹೇಳಿತು. ಹೊರಗೆ ಬಂದು, "ಹೇಳಬೇಡಿ. ನೆಮ್ಮದಿಯಾಗಿದ್ದಾಳೆ, ಇರಲಿ," ಎಂದೆ. ಅವರು ತಲೆಯಾಡಿಸಿದರು. ಆ ಮಾತಿನ ಭಾರ ಅರ್ಧ ನನ್ನದು. ಅದಕ್ಕೇ ಈ ಬರಹ.

ಇದಾದ ಮೇಲೆ ಅವರು ಒಂದು ಕೆಲಸ ಹಿಡಿದರು. ಯುದ್ಧದ ಆ ವರ್ಷಗಳಲ್ಲಿ ಊರಲ್ಲಿ ಮಕ್ಕಳು ಹುಟ್ಟಿದಾಗ ಸ್ಟೇಷನ್ನಿಗೆ ಓಡಿ ಬಂದು ಇವರನ್ನು ಹೊತ್ತು ಕೇಳಿಕೊಂಡು ಹೋದ ಮನೆಗಳಿದ್ದವು. ಒಂದೊಂದನ್ನೇ ನೆನಪು ಮಾಡಿಕೊಂಡು ಹೋದರು. ಕೆಲವರು ಹೊಳಲ್ಕೆರೆಗೆ, ಕೆಲವರು ಚಿತ್ರದುರ್ಗಕ್ಕೆ, ಒಬ್ಬರು ಹಿರಿಯೂರಿಗೆ ಹೋಗಿ ನೆಲೆಸಿದ್ದರು. ರಜಾ ದಿನ ಪಾಸಿನಲ್ಲಿ ಹೋಗಿ ಹುಡುಕಿ, ಬಾಗಿಲಲ್ಲಿ ನಿಂತು, "ನಿಮ್ಮ ಮಗ ಹುಟ್ಟಿದ ಹೊತ್ತಿನಾಗೆ ಒಂದು ಗಂಟೆ ಕಳೀರಿ, ತಪ್ಪು ನಂದು," ಎಂದು ಹೇಳಿ ಬರುತ್ತಿದ್ದರು. ಕೆಲವರು ಗಾಬರಿಯಾದರು. ಕೆಲವರು, ಮಕ್ಕಳ ಮದುವೆಯಾಗಿ ಮೊಮ್ಮಕ್ಕಳಾದವು, ಈಗ ಬಂದಿರಲ್ಲ, ಒಳಗೆ ಬರ್ರಿ, ಕುಂತ್ಕಳ್ರಿ ಎಂದು ಮಜ್ಜಿಗೆ ಕೊಟ್ಟು ಕಳಿಸಿದರು. ಬುಡನ್ ಸಾಬರ ಮಗನೂ ಆ ಕಾಲದಲ್ಲೇ ಹುಟ್ಟಿದವನು. ಅವರ ಅಂಗಡಿಗೂ ಹೋದರು.

"ನಮ್ಮಲ್ಲಿ ಜಾತಕ ಎಲ್ಲೈತೆ ಮಾಸ್ಟ್ರೇ," ಎಂದು ಸಾಬರು ಮಿಷನ್ ನಿಲ್ಲಿಸಿ ನಕ್ಕರಂತೆ. "ಒಂದು ಗಂಟೆ ಮೊದ್ಲೇ ಹುಟ್ಟಿದಾನೆ ಅಂದ್ರೆ ನನ್ನ ಹತ್ರ ಒಂದು ಗಂಟೆ ಹೆಚ್ಚು ಬೈಸ್ಕಂಡಾನೆ. ಅಷ್ಟೇ ಲುಕ್ಸಾನು." ನಂತರ ಮಾಸ್ಟ್ರ ಮುಖ ನೋಡಿ ನಗು ನಿಲ್ಲಿಸಿ, "ಮಗಳಿಗೂ ಹೇಳಿದ್ರಾ?" ಎಂದು ಕೇಳಿದರಂತೆ. ಮಾಸ್ಟ್ರು ಮಸೀದಿಯ ಗಡಿಯಾರ ನೋಡಲು ಎದ್ದು ಹೋದರಂತೆ. ಊರಿನ ಎಲ್ಲ ಮನೆಗೂ ಹೇಳಿ ಬಂದವರು ಆ ಒಂದು ಮನೆಗೆ ಹೇಳಲಿಲ್ಲ.

ಅವರು ಪ್ರತಿ ಗುರುವಾರ ಹೊಸದುರ್ಗಕ್ಕೆ ಒಂದು ಕಾರ್ಡು ಹಾಕುತ್ತಿದ್ದರು. ಜ್ವರ ಬಂದಿತ್ತಾ, ಊಟ ಸೇರುತ್ತಾ, ಬಾವಿಯ ಹತ್ತಿರ ಹುಷಾರು, ಹಾವು ಹರಿದಾಡುವ ಕಾಲ. ಸೋಮವಾರದೊಳಗೆ ಉತ್ತರ ಬರದಿದ್ದರೆ ರಜಾ ಹಾಕಿ ತಾವೇ ಹೊರಡುತ್ತಿದ್ದರು. ಹೊಸದುರ್ಗ ರೋಡಿನ ಸ್ಟೇಷನ್ನಿಂದ ತಂತಿ ಕೂಗಿದರೆ ಇವರ ಕೈ ಪೆನ್ಸಿಲು ಹಿಡಿಯುತ್ತಿರಲಿಲ್ಲ, ಗೂಡ್ಸ್ ವ್ಯಾಗನ್ನಿನ ಸುದ್ದಿ ಎಂದು ಗೊತ್ತಾದ ಮೇಲೆ ಉಸಿರು ಬಿಡುತ್ತಿದ್ದರು ಎಂದು ನಮ್ಮ ಯಜಮಾನರು ಹೇಳುತ್ತಿದ್ದರು. ಅವರಿಗೆ ಕಾರಣ ಗೊತ್ತಿರಲಿಲ್ಲ. ನಾನು ಗಂಡನಿಗೂ ಹೇಳಿರಲಿಲ್ಲ. ಸರೋಜಕ್ಕ ತವರಿಗೆ ಬಂದಾಗ ಕಟ್ಟೆಯ ಮೇಲೆ ಕೂರಿಸಿಕೊಂಡು, ಜೇಬಿನ ಗಡಿಯಾರ ತೆಗೆದು, ಅವಳ ಮುಂಗೈ ಹಿಡಿದು ನಾಡಿ ಎಣಿಸುತ್ತಿದ್ದರು. "ನೋಡೆ ತಂಗಿ, ಅಪ್ಪ ನನಗೂ ಕೀಲಿ ಕೊಡೋಕೆ ಬಂದ್ರು," ಎಂದು ಅವಳು ನಗುತ್ತಿದ್ದಳು. ಅವಳು ತುಂಬಿಕೊಂಡಿದ್ದಳು, ಬಣ್ಣ ಬಂದಿತ್ತು. ಆ ಮೇಷ್ಟ್ರು ಅವಳನ್ನು ಹೂವಿನಂತೆ ನೋಡಿಕೊಂಡಿದ್ದರು. ಹಾಗಿದ್ದೂ ನಾನು ಸಂಜೆ ದೀಪ ಹಚ್ಚಿ ಆ ದಿನದ ಒಳಿತುಗಳನ್ನು ದೇವರ ಮುಂದೆ ಹೇಳಿಕೊಳ್ಳುವಾಗ, ಮಗುವಿನ ಕೆಮ್ಮು ಕಡಿಮೆಯಾಯಿತು, ಸೀಮೆಎಣ್ಣೆ ಸಿಕ್ಕಿತು ಎನ್ನುವುದರ ಜೊತೆಗೆ, ಸರೋಜಕ್ಕ ಇವತ್ತೂ ಇದ್ದಾಳೆ ಎಂದು ಸೇರಿಸುತ್ತಿದ್ದೆ.

ಅವಳ ಬಾಣಂತನಕ್ಕೆ ತವರಿಗೇ ಕರೆತಂದರು. ಮೂವತ್ತು ದಾಟಿದ ಮೇಲಿನ ಚೊಚ್ಚಲು. ಹೊಳಲ್ಕೆರೆಯ ಆಸ್ಪತ್ರೆಯ ವರಾಂಡದಲ್ಲಿ ಮಾಸ್ಟ್ರು ಕಂಬ ಹಿಡಿದು ನಿಂತಿದ್ದರು. ಹೆಣ್ಣು ಮಗು, ತಾಯಿ ಹುಷಾರು ಎಂದು ನರ್ಸಮ್ಮ ಬಂದು ಹೇಳಿ, ಹೊತ್ತು ಎಷ್ಟಾಯಿತು ನೋಡಿಕೊಳ್ಳಿ ಅಜ್ಜ, ಜಾತಕಕ್ಕೆ ಬೇಕಲ್ಲ ಎಂದರು. ಮಾಸ್ಟ್ರು ಜೇಬು ಮುಟ್ಟಿಯೂ ನೋಡಲಿಲ್ಲ. ಗಡಿಯಾರವನ್ನು ಮನೆಯಲ್ಲೇ ಬಿಟ್ಟು ಬಂದಿದ್ದರು. "ಬಿಸಿಲು ಬಂದಿತ್ತಮ್ಮ. ಅಷ್ಟು ಸಾಕು," ಎಂದರು.

ರಿಟೈರಾದ ಮೇಲೆ ಪೇಟೆಯಲ್ಲಿ ಒಂದು ಕೋಣೆ ಮಾಡಿಕೊಂಡರು. ಮನೆಮನೆಯ ಗಡಿಯಾರಗಳಿಗೆ ಕೀಲಿ ಕೊಡುವುದನ್ನು ಬಿಡಲಿಲ್ಲ. ಆದರೆ ಯಾರಾದರೂ ಹೊತ್ತು ಕೇಳಿದರೆ ಮೊದಲು ಆಕಾಶ ನೋಡಿ, ಆಮೇಲೆ 'ಇರಬೇಕು' ಎಂದು ಸೇರಿಸಿ ಹೇಳುತ್ತಿದ್ದರು. ನಾಲ್ಕಿರಬೇಕು, ಐದಿರಬೇಕು. ಆ 'ಇರಬೇಕು' ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು.

ಒಂದು ದಿನ ಬೆಳಗಿನ ಗಾಡಿ ನೋಡಿ ಬಂದು ಜಗಲಿಯ ಮೇಲೆ ಒರಗಿ ಕುಳಿತವರು ಏಳಲಿಲ್ಲ. ಬುಡನ್ ಸಾಬರೇ ಮೊದಲು ನೋಡಿದ್ದು. ನರಳಲಿಲ್ಲ, ಯಾರ ಕೈಲೂ ಮಾಡಿಸಿಕೊಳ್ಳಲಿಲ್ಲ. ಅದನ್ನೂ ನಾನು ದೇವರ ದಯೆ ಎಂದೇ ಎಣಿಸಿದ್ದೇನೆ. ಏಳು ವರ್ಷ ಮಗಳ ಸಾವಿಗೆ ಕಾದು, ಅದನ್ನು ನೋಡದೆ ಹೋದರು.

ಹದಿಮೂರನೆಯ ದಿನದ ಕೆಲಸವೆಲ್ಲ ಮುಗಿದ ಮರುದಿನ ಸರೋಜಕ್ಕ ನಮ್ಮ ಅಡುಗೆಮನೆಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಅಲ್ಲಿ ನಡೆದದ್ದನ್ನು ಇಷ್ಟು ಕಾಲ ಯಾರಿಗೂ ಹೇಳಿರಲಿಲ್ಲ. ಅವಳ ಯಜಮಾನರು ಈಚೆಗೆ ತುಂಬು ವಯಸ್ಸಿನಲ್ಲಿ, ನಿದ್ದೆಯಲ್ಲೇ ತೀರಿಕೊಂಡರು. ಇನ್ನು ಬರಿ ಎಂದು ಅವಳೇ ಹೇಳಿದ ಮೇಲೆ ಬರೆಯುತ್ತಿದ್ದೇನೆ.

"ಅಪ್ಪ ಯಾಕೆ ನನ್ನ ನಾಡಿ ಹಿಡಿದು ನೋಡ್ತಿದ್ರು ತಂಗಿ?" ಎಂದು ಕೇಳಿದಳು. "ನಕ್ಕೋತಾ ಇದ್ದೆ, ಆದ್ರೆ ಅವರು ಎಣಿಸಿ ಮುಗಿಸಿ ಮತ್ತೆ ಮೊದಲಿಂದ ಎಣಿಸೋರು. ನಿಂಗೆ ಗೊತ್ತೈತೆ. ನಿನ್ನ ಮುಖ ನೋಡಿದ್ರೇ ತಿಳಿಯುತ್ತೆ."

ಹೇಳಿದೆ. ಲಾಟೀನು, ಏಳು ಇಪ್ಪತ್ತು, ಜೋಯಿಸರು, ಎಲ್ಲ. ಹೇಳಬೇಡಿ ಎಂದವಳು ನಾನು ಎಂಬುದನ್ನೂ ಹೇಳಿದೆ. ಅವಳು ಮೊರದಿಂದ ತಲೆ ಎತ್ತಲಿಲ್ಲ. "ಸೋಮವಾರ," ಎಂದಳು. ಮತ್ತೊಮ್ಮೆ, "ಸೋಮವಾರ."

ಆಮೇಲೆ ಸಿಟ್ಟು ಬಂತು. ಅವಳಿಗೆ ಸಿಟ್ಟು ಬಂದದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

"ನಮ್ಮವ್ವ ಹೋದಾಗ ನಮ್ಮಜ್ಜಿ ನನ್ನನ್ನ ಹೆಣದ ಹತ್ರ ಬಿಡಲಿಲ್ಲ, ಗೊತ್ತೇನೆ? ಮಂಗಳವಾರದೋಳು, ದೂರ ನಿಲ್ಲು ಅಂದ್ಲು. ನಾನೇ ಅವ್ವನ್ನ ತಿಂದೆ ಅಂತ ಇವತ್ತಿಗೂ ಅಂದ್ಕಂಡೀನಿ. ಅಪ್ಪಂಗೆ ಏಳು ವರ್ಷದಿಂದ ಗೊತ್ತು, ನಿಂಗೂ ಗೊತ್ತು. ವಾರಕ್ಕೊಂದು ಕಾರ್ಡು ಬರೀತಿದ್ರಲ್ಲ, ಅದರಾಗೆ ಒಂದು ಸಾಲು ಬರೀಬೋದಿತ್ತು. ನಿಂದೇನೂ ತಪ್ಪಿಲ್ಲ ಮಗಳೇ ಅಂತ. ನಾನು ಸಾಯ್ತೀನಿ ಅಂತ ಹೆದರಿದ್ರಾ? ಸತ್ರೆ ಸಾಯ್ಲಿ, ಅದನ್ನ ತಿಳ್ಕಂಡು ಸಾಯ್ತಿದ್ದೆ."

ಕಾಲು ಹಿಡಿಯಲು ಹೋದೆ, ಕೈ ಕೊಡವಿದಳು. ಒಲೆಯ ಮೇಲಿನ ಬೇಳೆ ಉಕ್ಕಿತು. ಯಾರೂ ಏಳಲಿಲ್ಲ.

ಆ ಹೊತ್ತಿಗೆ ಅವಳ ಯಜಮಾನರು ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದರು. ಒಳಗೆ ಅಳು ಕಂಡು ತಂದೆಯ ನೆನಪು ಎಂದುಕೊಂಡರು. ಮೆಲ್ಲಗೆ ಹೇಳಿದರು:

"ಸರೋಜಾ, ಮಧ್ಯಾಹ್ನದ ಗಾಡಿಗೆ ಹೊರಡಾಣ ಅಂದ್ರೆ ಎಲ್ರೂ ಬ್ಯಾಡ ಅಂತಾರೆ. ಇವತ್ತು ಮಂಗಳವಾರ, ಹೆಣ್ಮಕ್ಳು ತವರಿಂದ ಹೊರಡಬಾರದಂತೆ. ನಾಳೆ ಶಾಲೆ ಐತೆ ನಂಗೆ." ಅವಳನ್ನು ನಗಿಸಬೇಕೆಂದು ಮತ್ತೆ, "ನಮಗೇನು ಮಾಡ್ತಾನೆ ಬಿಡು ಆ ಮಂಗಳ. ನಾವಿಬ್ರೂ ಅವನ ಮನೆ ಮಕ್ಳೇ ಅಲ್ವಾ? ನಿನ್ನ ಕಟ್ಕಂಡ ಮ್ಯಾಲೇ ನಾನು ಕಣ್ತುಂಬ ನಿದ್ದೆ ಮಾಡಿದ್ದು," ಎಂದರು.

ಸರೋಜಕ್ಕ ಅವರ ಮುಖವನ್ನೇ ನೋಡುತ್ತಿದ್ದಳು. ಮೊರದ ಕೆಳಗೆ ನನ್ನ ಮುಂಗೈ ಹಿಡಿದು, ಮೂಳೆ ನೋಯುವಷ್ಟು ಗಟ್ಟಿಯಾಗಿ ಒತ್ತಿದಳು. ಇನ್ನೊಂದು ಕೈಯಿಂದ ಕಣ್ಣೊರೆಸಿಕೊಂಡಳು.

"ಹೌದು ಬಿಡ್ರಿ," ಎಂದಳು. "ನಮಗೇನು ಮಾಡ್ತಾನೆ. ಹೊರಡಾಣ ನಡೀರಿ."